ಗೇಟಿನ ಪಕ್ಕದ ಮಣ್ಣು

ಮಣ್ಣಿನ ಮಾದರಿ ತೆಗೆಯುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿಲ್ಲ, ಕಾಲಿದ್ದರೆ ಸಾಕು. ಒಂದು ತುಂಡು ಭೂಮಿಯಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಕಡೆ ನಿಲ್ಲಬೇಕು. ನಿಂತಲ್ಲೆಲ್ಲ ಮೇಲಿನ ಕಸ ಸರಿಸಿ, ಗೇಣಾಳದ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಬೆರಳು ದಪ್ಪದ ಒಂದು ಪದರ ಕೆರೆದು ಬಕೆಟ್ಟಿಗೆ ಹಾಕಿಕೊಳ್ಳಬೇಕು. ಹತ್ತೂ ಕಡೆಯದು ಸೇರಿದ ಮೇಲೆ ಹಾಳೆಯ ಮೇಲೆ ಸುರಿದು, ಕಲೆಸಿ, ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆಯಬೇಕು. ಉಳಿದದ್ದನ್ನು ಮತ್ತೆ ಕಲೆಸಿ ಮತ್ತೆ ನಾಲ್ಕು. ಅರ್ಧ ಕಿಲೋ ಉಳಿಯುವ ತನಕ ಇದೇ ಆಟ. ದಾರಿಯ ಮೇಲೆ ತೆಗೆಯಬಾರದು, ಮರದ ಬುಡದಲ್ಲಿ ತೆಗೆಯಬಾರದು, ಗೊಬ್ಬರದ ಗುಡ್ಡೆಯ ಹತ್ತಿರ, ಗೇಟಿನ ಹತ್ತಿರ ತೆಗೆಯಬಾರದು.

ನನಗೆ ಇದನ್ನು ಕಲಿಸಿದವರು ನಮ್ಮ ಪ್ರಯೋಗಾಲಯದ ಹಿರಿಯರು. ಇಪ್ಪತ್ತೆಂಟು ವರ್ಷ ಮಣ್ಣು ಜರಡಿ ಹಿಡಿದು ಹಿಡಿದು ಅವರ ಹೆಸರೇ ಜರಡಿ ಆಗಿಹೋಗಿತ್ತು. ಎದುರಿಗೆ ಸರ್, ಬೆನ್ನ ಹಿಂದೆ ಜರಡಿ. ಮೊದಲ ದಿನವೇ ಅವರು ಹೇಳಿದ್ದರು: "ನೋಡಮ್ಮಾ, ಚೀಲದೊಳಗೆ ಹೋದ ಮಣ್ಣಿಗೆ ಬಾಯಿರಲ್ಲ. ನೀನು ಚೀಟಿ ಮೇಲೆ ಯಾವ ನಂಬರ್ ಬರೀತೀಯೋ ಅದೇ ಅದರ ಮನೆ. ಇಲ್ಲಿ ನಾವು ಎಷ್ಟೇ ನಾಜೂಕಾಗಿ ಅಳೆದ್ರೂ, ಅಲ್ಲಿ ನೀನು ಕಳ್ಳಬಿದ್ರೆ ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ನಾನು ತಲೆಯಾಡಿಸಿದ್ದೆ. ಆ ಮಾತು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು.

ನಮ್ಮೂರಿಗೆ ಕುಡಿಯುವ ನೀರು ಒಂದು ಕೆರೆಯಿಂದ ಬರುತ್ತದೆ. ಕೆರೆಯ ಮೇಲ್ಗಡೆಯ ಇಳಿಜಾರಿನಲ್ಲಿ ಮೂವತ್ತೊಂದು ತುಂಡು ಭೂಮಿಗಳಿವೆ. ಬಸ್ ಡ್ರೈವರು, ನರ್ಸು, ಬೀಗ ರಿಪೇರಿಯವನು, ಹೀಗೆ ಊರಿನವರೇ ಬಿಡುವಿದ್ದಾಗ ತರಕಾರಿ ಬೆಳೆದುಕೊಳ್ಳುವ ಜಾಗ ಅದು. ಪ್ರತಿ ಮಳೆಗೂ ಅಲ್ಲಿನ ಮಣ್ಣು ಕೊಚ್ಚಿ ಕೆರೆಗೆ ಇಳಿಯುತ್ತಿತ್ತು. ನಲ್ಲಿಯಲ್ಲಿ ಟೀ ಬಣ್ಣದ ನೀರು ಬಂದಾಗ ಜನ ನೀರಿನ ಕಚೇರಿಗೆ ಹೋಗಿ ಬೈದರು. ಕಚೇರಿಯವರು ನಮ್ಮ ಪ್ರಯೋಗಾಲಯಕ್ಕೆ ಕಾಗದ ಬರೆದರು: ಮೂವತ್ತೊಂದು ತುಂಡುಗಳ ಮಣ್ಣನ್ನೂ ಪರೀಕ್ಷಿಸಿ, ಯಾರು ಏನು ಮಾಡಬೇಕೆಂದು ಒಬ್ಬೊಬ್ಬರಿಗೂ ಸಲಹೆಯ ಹಾಳೆ ಕೊಡಿ. ಮಾದರಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ಹದಿನಾಲ್ಕನೇ ತುಂಡು ನಮ್ಮ ದೊಡ್ಡಮ್ಮನದು.

ದೊಡ್ಡಮ್ಮ ಅಮ್ಮನ ಅಕ್ಕ. ಮಾರುಕಟ್ಟೆಯ ಮೂಲೆಯಲ್ಲಿ ಒಂದೇ ಬಾಗಿಲಿನ ಟೈಲರಿಂಗ್ ಅಂಗಡಿ ಅವಳದು. ಬೆಳಗಿನಿಂದ ಮೂರು ಗಂಟೆಯ ತನಕ ಹೊಲಿಗೆ, ಮೂರರ ಮೇಲೆ ಇಳಿಜಾರು. ರಸ್ತೆ ಗುಡಿಸುವ ಹೆಂಗಸರು ಒಣಗಿದ ಎಲೆಯನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚುವುದನ್ನು ನೋಡಲಾಗದೆ, ಉಳಿದ ಪರದೆ ಬಟ್ಟೆಯಲ್ಲಿ ದೊಡ್ಡ ದೊಡ್ಡ ಚೀಲ ಹೊಲಿದು ಅವರಿಗೆ ಹಂಚಿದ್ದಳು. ಹೂವಿನ ಚಿತ್ತಾರದ ಆ ಚೀಲಗಳಲ್ಲಿ ಎಲೆ ತುಂಬಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮೇಲೆ ಹತ್ತುತ್ತಿದ್ದಳು. ಎಲೆಯನ್ನು ಮಣ್ಣಿನ ಮೇಲೆ ಗೇಣು ದಪ್ಪ ಹರಡುತ್ತಿದ್ದಳು.

"ಮಣ್ಣನ್ನ ಬರಿಮೈಲಿ ಬಿಡಬಾರದು ಕಣೇ," ಎನ್ನುತ್ತಿದ್ದಳು. "ನಿನ್ನ ಬಿಸಿಲಲ್ಲಿ ಬೆತ್ತಲೆ ನಿಲ್ಲಿಸಿ ಮೇಲಿಂದ ಪೈಪಲ್ಲಿ ನೀರು ಹೊಡೆದ್ರೆ ಹೆಂಗಿರುತ್ತೆ? ಚರ್ಮ ಕಿತ್ತು ಬರುತ್ತೆ. ಅದಕ್ಕೂ ಅಷ್ಟೇ."

ಇಳಿಜಾರಿಗೆ ಅಡ್ಡಲಾಗಿ ಐದು ಸಾಲು ಹುಲ್ಲು ಬೆಳೆಸಿದ್ದಳು, ಒತ್ತಾಗಿ, ಬಾಚಣಿಗೆಯ ಹಲ್ಲಿನ ಹಾಗೆ. ಆರು ವರ್ಷದಲ್ಲಿ ಒಮ್ಮೆಯೂ ಉಳುಮೆ ಮಾಡಿಸಿರಲಿಲ್ಲ. ಬೆಳೆ ಮುಗಿದರೆ ಗಿಡವನ್ನು ಬುಡಕ್ಕೆ ಕತ್ತರಿಸಿ ಬೇರನ್ನು ಒಳಗೇ ಕೊಳೆಯಲು ಬಿಡುವುದು, ಒದ್ದೆ ಮಣ್ಣನ್ನು ತುಳಿಯದೆ ಹಲಗೆಯ ಮೇಲೆ ನಡೆಯುವುದು. ಮಳೆ ನಿಂತ ಮೇಲೆ ಬೋಗುಣಿ ಹಿಡಿದು ಕೆಳಗಿನ ಕಾಲುವೆಗೆ ಇಳಿದು, ತಪ್ಪಿಸಿಕೊಂಡು ಹೋದ ಮಣ್ಣನ್ನು ತುಂಬಿಕೊಂಡು ವಾಪಸು ತರುವುದು. ಮೊದಲ ವರ್ಷ ಒಂದು ಮಳೆಗೆ ನಲವತ್ತು ಬೋಗುಣಿ. ಆರನೇ ವರ್ಷಕ್ಕೆ ಅದು ಒಂದಕ್ಕಿಳಿದಿತ್ತು.

ಪಕ್ಕದ ಹದಿನೈದನೇ ತುಂಡಿನವನು ನಿವೃತ್ತ ಬಸ್ ಡ್ರೈವರು. ಮಾತಾಡಿದರೆ ಮೂರು ತುಂಡಿನಾಚೆಗೂ ಕೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಹಾರ್ನ್. ದೊಡ್ಡಮ್ಮ ತನ್ನ ತುಂಡಿನಿಂದ ಹರಿದ ಮಳೆನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಅವನಿಗೆ ತೋರಿಸುತ್ತಿದ್ದಳು.

"ಏನು ಎಲೆ ರಾಣಿ, ಅಷ್ಟು ತಿಳಿ ಇದ್ರೆ ಕುಡಿದು ತೋರಿಸು."

"ಸಂಜೆ ನೀನು ಕುಡಿಯೋದಕ್ಕಿಂತ ಇದೇ ಮೇಲು ಬಿಡಪ್ಪಾ."

ಆ ಮಣ್ಣು ಕಪ್ಪಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಹಿಡಿಯಲ್ಲಿ ಎರಡು ಮೂರು ಎರೆಹುಳು. ನಾನು ನೂರಾರು ಕಡೆಯ ಮಣ್ಣು ಮುಟ್ಟಿದ್ದೇನೆ, ಅಂಥದನ್ನು ಕಂಡದ್ದು ಕಡಿಮೆ.

ಮಾದರಿಯ ದಿನ ಬೆಳಗಿನಿಂದ ಹತ್ತು ತುಂಡು ಮುಗಿಸಿದ್ದೆ. ಹತ್ತನ್ನೂ ನಿಯಮದಂತೆಯೇ ಮಾಡಿದ್ದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಆ ದಿನದ ಕೊನೆಯದು ಹದಿನಾಲ್ಕು. ದೊಡ್ಡಮ್ಮ ಅಂಗಡಿಗೆ ಅರ್ಧ ದಿನ ರಜೆ ಹಾಕಿ ನನಗಾಗಿ ಕಾಯುತ್ತಿದ್ದಳು.

"ಮೊದಲು ಊಟ ಮಾಡು. ಮುಖ ನೋಡು, ಸುಟ್ಟ ಬದನೇಕಾಯಿ."

"ದೊಡ್ಡಮ್ಮಾ, ವ್ಯಾನು ನಾಲ್ಕಕ್ಕೆ ಹೊರಡುತ್ತೆ."

"ಹೊರಡ್ಲಿ ಬಿಡು. ಮಣ್ಣೇನು ಓಡಿಹೋಗುತ್ತಾ?"

ನಿಂಬೆ ಗಿಡದ ನೆರಳಿನಲ್ಲಿ ಕೂತು ಉಂಡೆ. ಉಂಡವಳು ಎಲೆಯ ಚೀಲಗಳ ಮೇಲೆ ತಲೆಯಿಟ್ಟೆ. ನಿದ್ದೆ ಹತ್ತಿತು. ಎಚ್ಚರವಾದಾಗ ದೊಡ್ಡಮ್ಮ ಇರಲಿಲ್ಲ, ಕೆಳಗಿನ ನಲ್ಲಿಯಿಂದ ನೀರು ತರಲು ಹೋಗಿದ್ದಳು. ವ್ಯಾನಿನವನು ಎರಡನೇ ಸಲ ಹಾರ್ನ್ ಒತ್ತುತ್ತಿದ್ದ. ನಾನು ಬಕೆಟ್ಟು ಎತ್ತಿಕೊಂಡು ಗೇಟಿನ ತನಕ ನಡೆದೆ. ತಿರುಗಿ ಇಳಿಜಾರನ್ನು ನೋಡಿದೆ. ಹತ್ತು ಕಡೆ ನಿಲ್ಲಬೇಕು, ಹತ್ತು ಕಡೆ ಎಲೆ ಸರಿಸಬೇಕು. ಗೇಟಿನ ಕಂಬದ ಪಕ್ಕದಲ್ಲೇ ಕೂತು, ಒಂದೇ ಗುಂಡಿ ತೋಡಿ, ಅರ್ಧ ಕಿಲೋ ತುಂಬಿ, ಚೀಟಿಯ ಮೇಲೆ ೧೪ ಎಂದು ಬರೆದು ಓಡಿದೆ.

ಹಿಂದಿನ ವರ್ಷ ಆ ಗೇಟಿನ ಕಂಬ ಕುಸಿದು ಹೊಸದು ಕಟ್ಟಿಸಿದ್ದರು. ಗಾರೆಯವನು ಸಿಮೆಂಟು ಕಲೆಸಿದ್ದು, ಬಾಣಲಿ ತೊಳೆದದ್ದು ಸರಿಯಾಗಿ ಅದೇ ಜಾಗದಲ್ಲಿ. ಅವನಿಗೆ ಟೀ ತಂದುಕೊಟ್ಟವಳು ನಾನೇ. ಗೊತ್ತಿತ್ತು. ನಮ್ಮ ಮನೆಯದೇ ತಾನೇ, ಆಮೇಲೆ ಒಂದು ದಿನ ಬಂದು ಸರಿಯಾಗಿ ತೆಗೆದು ಚೀಲ ಬದಲಾಯಿಸಿದರಾಯಿತು ಎಂದುಕೊಂಡೆ. ಪರರ ಮನೆಯದಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲವೇನೋ. ತನ್ನವರ ವಿಷಯದಲ್ಲಿ ಮನುಷ್ಯ ಎಷ್ಟು ಅಗ್ಗವಾಗಿ ನಡೆದುಕೊಳ್ಳುತ್ತಾನೆ.

ಬದಲಾಯಿಸಲಿಲ್ಲ. ಮರುದಿನ ಹೊಸ ಪಾಠ ಕಲಿತವಳಂತೆ ಇನ್ನೂ ಆರು ತುಂಡುಗಳನ್ನು ಗೇಟಿನ ಬಳಿಯೇ ಮುಗಿಸಿದೆ. ಒಮ್ಮೆ ಹಾರಿದ ಬೇಲಿ ಎರಡನೇ ಸಲಕ್ಕೆ ಎತ್ತರ ಕಾಣುವುದಿಲ್ಲ.

ಮಣ್ಣು ನೆರಳಲ್ಲಿ ಒಣಗಬೇಕು, ಮರದ ಸುತ್ತಿಗೆಯಲ್ಲಿ ಪುಡಿಯಾಗಬೇಕು, ಜರಡಿಯಲ್ಲಿ ಇಳಿಯಬೇಕು. ಎರಡು ವಾರದ ಮೇಲೆ ಫಲಿತಾಂಶ ಬಂತು. ಜರಡಿ ಕನ್ನಡಕ ಹಣೆಗೆ ಏರಿಸಿ ನನ್ನನ್ನು ಕರೆದರು.

"ಹದಿನಾಲ್ಕು ನಿಮ್ಮ ದೊಡ್ಡಮ್ಮಂದು ಅಲ್ವೇನಮ್ಮಾ? ಪರದೆ ಚೀಲದೋರು?"

"ಹೌದು ಸರ್."

"ಇದೇನಿದು? ಕ್ಷಾರ ಎಂಟೂ ಮುಕ್ಕಾಲು, ಏಳರ ಆಸುಪಾಸು ಇರಬೇಕಾದ್ದು. ಸಾವಯವ ಅಂಶ ಪಾಯಿಂಟ್ ಮೂರೂ ಇಲ್ಲ. ಇದು ಮಣ್ಣೋ, ಗೋಡೆ ಕೆರೆದಿದ್ದೋ? ಅಷ್ಟು ಎಲೆ ಹಾಕಿದ ಮೇಲೆ ಹಿಂಗೆ ಬರೋಕೆ ಸಾಧ್ಯನೇ ಇಲ್ಲ."

ಅವರು ಊಟಕ್ಕೂ ಹೋಗದೆ ಅದೇ ಚೀಲದಿಂದ ಮತ್ತೆ ತೂಗಿ, ಮತ್ತೆ ಕಲಕಿ, ಮತ್ತೆ ಅಳೆದರು. ಅದೇ ಬಂತು. ಗೇಟಿನ ಮಣ್ಣನ್ನು ಅವರು ಅಷ್ಟು ಶ್ರದ್ಧೆಯಿಂದ ಎರಡು ಸಲ ಅಳೆಯುವುದನ್ನು ನೋಡುತ್ತ, ಲೋಟ ತೊಳೆಯುವ ನೆಪದಲ್ಲಿ ನಾನು ಬೆನ್ನು ತಿರುಗಿಸಿಕೊಂಡಿದ್ದೆ.

"ತೆಗೆದಿದ್ದು ಸರಿಯಾಗಿ ತಾನೇ? ಹತ್ತು ಕಡೆ?"

"ಹ್ಞೂಂ."

ಅಷ್ಟೇ ನಾನು ಆಡಿದ ಸುಳ್ಳು. ಬಾಯಿ ತೆರೆಯದೆ ಮೂಗಿನಲ್ಲೇ ಮುಗಿಯಿತು.

ಅಂಕಿ ಹಾಕಿದರೆ ಸಲಹೆಯನ್ನು ಕಂಪ್ಯೂಟರೇ ಆರಿಸಿಕೊಳ್ಳುತ್ತದೆ. ಹದಿನಾಲ್ಕಕ್ಕೆ ಬಂದದ್ದು: ಮೇಲಿನ ಹೊದಿಕೆ ತೆಗೆದು, ಆಳವಾಗಿ ಉಳುಮೆ ಮಾಡಿಸಿ, ಕ್ಷಾರ ಇಳಿಸಲು ಜಿಪ್ಸಂ ಬೆರೆಸುವುದು. ಆರು ವರ್ಷ ಅವಳು ಮಾಡಿದ್ದಕ್ಕೆಲ್ಲ ತದ್ವಿರುದ್ಧ ಎಂದು ಓದಿ ಹೆದರಿದೆ. ಹಿಂದೆಯೇ ಒಂದು ಸಮಾಧಾನವೂ ಸಿಕ್ಕಿತು. ದೊಡ್ಡಮ್ಮ ಯಾರ ಮಾತು ಕೇಳುತ್ತಾಳೆ? ಎಲೆ ಸುಡಿ ಎಂದ ಅಧಿಕಾರಿಗೆ "ನಿನ್ನ ಕಂಬಳಿ ಸುಟ್ಟು ಮಲಗ್ತೀಯೇನಪ್ಪಾ?" ಎಂದು ಕೇಳಿ ಕಳಿಸಿದವಳು. ಈ ಹಾಳೆಯನ್ನು ಹೊಲಿಗೆ ಯಂತ್ರದ ಎಣ್ಣೆ ಒರೆಸಲು ಬಳಸುತ್ತಾಳೆ, ಅಷ್ಟೇ. ನಿಜ ಹೇಳಿದರೆ ಏಳು ತುಂಡುಗಳ ಸುಳ್ಳೂ ಹೊರಬೀಳುತ್ತದೆ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಹೀಗೆ ನನ್ನ ಲೆಕ್ಕಾಚಾರ.

ಹಾಳೆ ಹಂಚಿದ ಒಂಬತ್ತನೇ ದಿನ ಅಂಗಡಿಗೆ ಹೋದೆ. ದೊಡ್ಡಮ್ಮ ಶಾಲೆಯ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಎಣ್ಣೆಯ ಕಲೆಯಿಲ್ಲದ ಹಾಳೆ ಎದುರಿನ ಗೋಡೆಗೆ ಗುಂಡುಸೂಜಿಯಲ್ಲಿ ನಿಂತಿತ್ತು. ಕೆಲವು ಸಾಲುಗಳ ಕೆಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು.

"ಬಂದ್ಯಾ? ಶುಕ್ರವಾರ ಟ್ರ್ಯಾಕ್ಟರ್ ಹೇಳಿದ್ದೀನಿ," ಎಂದಳು, ದಾರ ಕಚ್ಚಿ ಕತ್ತರಿಸುತ್ತ.

"ಯಾಕೆ?"

"ಯಾಕೆ ಅಂದ್ರೆ? ನಿಮ್ಮ ಕಾಗದದಲ್ಲೇ ಇದೆಯಲ್ಲ. ಎಲೆ ಎಲ್ಲಾ ಬಾಚಿ ಬದೀಗೆ ಹಾಕಿದ್ದೀನಿ. ಎರಡು ದಿನ ಹಿಡೀತು."

"ದೊಡ್ಡಮ್ಮಾ... ಸ್ವಲ್ಪ ದಿನ ನೋಡಿಕೊಂಡು ಮಾಡಬಹುದಿತ್ತಲ್ಲ."

"ನೋಡಿದ್ದು ಸಾಲದಾ? ಆರು ವರ್ಷ ನೋಡಿದೆ." ಅವಳು ಅಂಗಿ ಮಡಚಿ ಪಕ್ಕಕ್ಕಿಟ್ಟಳು. "ನಂಗೆ ನಾಚಿಕೆ ಆಗೋದು ಯಾವುದಕ್ಕೆ ಗೊತ್ತಾ? ಊರಿಗೆಲ್ಲ ಬುದ್ಧಿ ಹೇಳ್ಕೊಂಡು ತಿರುಗ್ತಿದ್ದೆ. ಆ ನರ್ಸಮ್ಮನಿಗೆ, ಬೀಗದವನಿಗೆ, ಎಲ್ಲರಿಗೂ. ಹಾರ್ನ್ ಮುಂದೆ ಲೋಟ ಹಿಡ್ಕೊಂಡು ನಿಂತ್ಕೊಳ್ತಿದ್ದೆ. ಈಗ ನೋಡಿದ್ರೆ ನಂದೇ ಎಲ್ಲರಿಗಿಂತ ಕಡೆ. ಅವನದ್ದಾದ್ರೂ ಏಳೂವರೆ ಅಂತೆ. ಗೇಟಲ್ಲಿ ನಿಂತು ಕೂಗ್ತಾನೆ, 'ರಾಣಿಯಮ್ಮಾ, ಎಲೆ ಬೇಕಾ ಎಲೆ' ಅಂತ."

"ಯಂತ್ರದ್ದೂ ತಪ್ಪಾಗಬಹುದು."

"ಆಗಬಹುದು. ನಂಗೂ ಮೊದಲು ಹಂಗೇ ಅನ್ನಿಸ್ತು. ಬೇರೆ ಯಾರಾದ್ರೂ ತೆಗೆದಿದ್ರೆ ಹರಿದು ಬಿಸಾಡ್ತಿದ್ದೆ." ಅವಳು ನನ್ನ ಮುಖ ನೋಡಿದಳು, ಪ್ರೀತಿಯಿಂದಲೇ. "ನೀನು ತೆಗೆದಿದ್ದು ತಾನೇ. ನೀನು ತೆಗೆದ ಮೇಲೆ ಮಾತಿಲ್ಲ."

ಆಗ ಹೇಳಬೇಕಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಶುಕ್ರವಾರಕ್ಕೆ ಇನ್ನೂ ಮೂರು ದಿನವಿದೆ, ನಾಳೆ ಹೇಳೋಣ ಎಂದುಕೊಂಡೆ. ಅಂಗಿಗಳ ಮೇಲಿನ ದಾರದ ಚೂರು ಆರಿಸಿಕೊಟ್ಟು, ಟೀ ಕುಡಿದು ಎದ್ದು ಬಂದೆ. ನಾಳೆ ಹೇಳಲಿಲ್ಲ. ಅದರಾಚೆಯ ನಾಳೆಯೂ ಹೇಳಲಿಲ್ಲ.

ಶುಕ್ರವಾರ ಕೆಲಸವಿದೆ ಎಂದು ಹೇಳಿ ಅತ್ತ ಹೋಗಲಿಲ್ಲ. ಸಂಜೆ ಅವಳೇ ಫೋನ್ ಮಾಡಿದಳು.

"ಮುಗೀತು ಕಣೇ. ಹುಲ್ಲಿನ ಸಾಲು ಉಳಿಸೋಣ ಅಂದ್ರೆ ಟ್ರ್ಯಾಕ್ಟರ್ ತಿರುಗಲ್ಲ ಅಂದ. ಅವನ್ನೂ ತೆಗೆಸಿಬಿಟ್ಟೆ. ಅಡ್ಡಡ್ಡ ಹೊಡಿ ಅಂದೆ, ವಾಲುತ್ತೆ ಅಂತ ಮೇಲಿಂದ ಕೆಳಗೇ ಹೊಡೆದ. ಡ್ರೈವರ್ ಏನಂದ ಗೊತ್ತಾ? 'ಅಮ್ಮಾ, ಈ ಗುಡ್ಡದಲ್ಲೇ ಇಂಥ ಮಣ್ಣು ನೋಡಿಲ್ಲ, ಯಾಕೆ ಉಳುಮೆ ಮಾಡಿಸ್ತಿದ್ದೀರಿ' ಅಂದ."

"ನೀನೇನಂದೆ?"

"ಅವನಿಗೇನು ಗೊತ್ತು, ಗೇರು ಸಲೀಸಾಗಿ ಬಿದ್ರೆ ಎಲ್ಲಾ ಒಳ್ಳೆ ಮಣ್ಣೇ. ನಮ್ಮ ಹುಡುಗಿ ಲ್ಯಾಬಲ್ಲಿದ್ದಾಳಪ್ಪಾ ಅಂದೆ."

ಬುಧವಾರ ಮಧ್ಯಾಹ್ನ ಮಳೆ ಬಂತು. ಹೆಚ್ಚು ಹೊತ್ತಲ್ಲ, ಎರಡು ಗಂಟೆ. ಪ್ರಯೋಗಾಲಯದ ತಗಡಿನ ಸೂರಿನ ಮೇಲೆ ಅದು ಬೀಳುತ್ತಿದ್ದಷ್ಟು ಹೊತ್ತೂ ನಾನು ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದೆ. ಒಂದೇ ಬಾಟಲಿಗೆ ಎರಡು ಚೀಟಿ ಅಂಟಿಸಿದ್ದೆ ಎಂದು ಜರಡಿ ಬೈದರು.

ಗುರುವಾರ ಬೆಳಿಗ್ಗೆ ಇಳಿಜಾರಿಗೆ ಹೋದೆ. ಕಾಲುವೆಯಲ್ಲಿ ಇನ್ನೂ ನೀರು ಹರಿಯುತ್ತಿತ್ತು. ಉಳಿದವರ ತುಂಡುಗಳಿಂದ ಇಳಿದದ್ದು ಕೆಂಪಗಿತ್ತು, ಹದಿನಾಲ್ಕರಿಂದ ಇಳಿದದ್ದು ಕಪ್ಪಗಿತ್ತು. ಟ್ರ್ಯಾಕ್ಟರಿನ ಪ್ರತಿ ಗೆರೆಯೂ ಒಂದೊಂದು ಕಾಲುವೆಯಾಗಿತ್ತು. ಮೇಲಿನಿಂದ ಕೆಳಗಿನ ತನಕ ಯಾರೋ ಹತ್ತು ಬೆರಳಿಂದ ಪರಚಿದ ಹಾಗೆ. ಕೆಲವು ಕಡೆ ಮೊಣಕಾಲಾಳ. ತಳದಲ್ಲಿ ಹಳದಿ ಗಟ್ಟಿ ನೆಲ ಕಾಣುತ್ತಿತ್ತು. ಬದಿಗೆ ಬಾಚಿಟ್ಟಿದ್ದ ಎಲೆಯ ಗುಡ್ಡೆ ನೀರು ಕುಡಿದು ಹಾಗೇ ಕೂತಿತ್ತು. ಅದರ ಕೆಳಗಿನ ಚಾಪೆಯಗಲ ಜಾಗದಲ್ಲಿ ಮಾತ್ರ ಮಣ್ಣು ಇದ್ದಂತೆಯೇ ಇತ್ತು.

ದೊಡ್ಡಮ್ಮ ಕಾಲುವೆಯಲ್ಲಿ ಮೊಣಕಾಲಿನ ತನಕ ನಿಂತು ಬೋಗುಣಿಯಲ್ಲಿ ಕೆಸರು ಎತ್ತಿ ದಂಡೆಗೆ ಸುರಿಯುತ್ತಿದ್ದಳು. ಎತ್ತಿದ ಅರ್ಧ ವಾಪಸು ಕಾಲುವೆಗೇ ಜಾರುತ್ತಿತ್ತು.

"ಎಷ್ಟನೇ ಬೋಗುಣಿ?" ಎಂದೆ. ಬೇರೇನು ಕೇಳಲಿ.

"ಎಣಿಸ್ತಾ ಇಲ್ಲ." ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. "ಉತ್ತ ಮೇಲೆ ಒಂದು ವಾರ ಆದ್ರೂ ಮಳೆ ಬರಲ್ಲ ಅಂದುಕೊಂಡಿದ್ದೆ. ನಂದೇ ತಪ್ಪು. ಎಲೆನಾದ್ರೂ ವಾಪಸ್ ಹರಡಬೇಕಿತ್ತು. ಬುದ್ಧಿ ಇಲ್ಲ ನಂಗೆ."

ಆಗ ಹೇಳಿದೆ. ಅವಳು ತನ್ನನ್ನು ಬೈದುಕೊಳ್ಳದಿದ್ದರೆ ಅಂದೂ ಹೇಳುತ್ತಿರಲಿಲ್ಲವೇನೋ.

"ದೊಡ್ಡಮ್ಮಾ, ನಾನು ಒಳಗಡೆ ತೆಗೆದೇ ಇಲ್ಲ. ಗೇಟ್ ಪಕ್ಕದಲ್ಲಿ ತುಂಬಿದ್ದು. ಗಾರೆಯವನು ಬಾಣಲಿ ತೊಳೆದಿದ್ದನಲ್ಲ, ಅಲ್ಲಿ. ನಿದ್ದೆ ಬಂದಿತ್ತು, ವ್ಯಾನು ಬಂದಿತ್ತು. ಆ ಕಾಗದ ನಿನ್ನ ಮಣ್ಣಿಂದಲ್ಲ."

ಅವಳು ಬೋಗುಣಿಯನ್ನು ದಂಡೆಯ ಮೇಲಿಟ್ಟಳು. ಕೈ ತೊಳೆದುಕೊಂಡಳು, ಅದೇ ಕಪ್ಪು ನೀರಿನಲ್ಲಿ. ತಿರುಗಿ ತನ್ನ ತುಂಡನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೊದಲಿಂದಲೂ ಗೊತ್ತಿತ್ತು."

"ಅಂಗಡಿಗೆ ಬಂದಾಗ?"

"ಗೊತ್ತಿತ್ತು."

"ದಾರದ ಚೂರು ಆರಿಸ್ತಾ ಕೂತಿದ್ಯಲ್ಲೇ."

ಅವಳು ಅಕ್ಕಪಕ್ಕದ ತುಂಡುಗಳ ಕಡೆ ನೋಡಿದಳು.

"ನಂದೊಂದೇನಾ, ಬೇರೆಯವರದ್ದೂ ಹಿಂಗೇ ಮಾಡಿದ್ದೀಯಾ?"

"ಇನ್ನೂ ಆರು."

"ಅವರಿಗೆ ಹೇಳಿದ್ಯಾ?"

"ಇಲ್ಲ."

"ನಿಮ್ಮ ಸಾಹೇಬ್ರಿಗೆ?"

"ಇಲ್ಲ. ಮೊದಲು ನಿಂಗೆ ಹೇಳೋಣ ಅಂತ..."

"ಯಾಕೆ ನಂಗೆ ಮೊದಲು? ದೊಡ್ಡಮ್ಮ ಅಲ್ವಾ, ಬೈದ್ರೂ ಆಮೇಲೆ ಊಟಕ್ಕೆ ಕರೀತಾಳೆ ಅಂತ ತಾನೇ?"

ಅದು ನಿಜವಾಗಿತ್ತು. ಅಷ್ಟು ನಿಜವೆಂದು ಅವಳು ಹೇಳುವ ತನಕ ನನಗೇ ಗೊತ್ತಿರಲಿಲ್ಲ. ದಂಡೆಯ ಮೇಲಿದ್ದ ಬೋಗುಣಿಗೆ ಕೈ ಹಾಕಿದೆ, ಕಾಲುವೆಗೆ ಇಳಿದು ನಾಲ್ಕು ಬೋಗುಣಿಯಾದರೂ ಎತ್ತೋಣವೆಂದು. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಇದನ್ನ ಎತ್ತಿ ನಿನ್ನ ಮನಸ್ಸು ಹಗುರ ಮಾಡ್ಕೋಬೇಡ. ಮಣ್ಣು ಎತ್ತೋಕೆ ನಂಗೆ ಕೈಯಿದೆ. ಅವರಿನ್ನೂ ಉಳುಮೆ ಮಾಡಿಸಿರಲಿಕ್ಕಿಲ್ಲ. ಹೋಗು, ಹೇಳು. ಒಂದೊಂದೇ ಗೇಟಿಗೆ ಹೋಗಿ ಹೇಳು."

ಮೊದಲು ಹಾರ್ನ್‌ನ ಗೇಟು. ಅವನದು ನನ್ನ ಆರರಲ್ಲೊಂದು. ಅವನು ಒಡೆದ ಬದುವಿಗೆ ಕಲ್ಲು ಜೋಡಿಸುತ್ತಿದ್ದ. ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಯಾವ ಕಾಗದ?" ಎಂದ.

"ಸಲಹೆ ಹಾಳೆ. ಕಚೇರಿಯಿಂದ ಕೊಟ್ಟಿದ್ದು."

"ಓ ಅದಾ! ಅಂಕಿ ಒಂದು ನೋಡಿಕೊಂಡೆ, ನಿಮ್ಮ ದೊಡ್ಡಮ್ಮನ್ನ ರೇಗಿಸೋಕೆ. ಮಿಕ್ಕಿದ್ದು ಯಾರು ಓದ್ತಾರೆ? ಅದರ ಮೇಲೇ ಮೆಣಸಿನಕಾಯಿ ಬೀಜ ಒಣಗಿಸಿದ್ದೀನಿ ನೋಡು." ಆಮೇಲೆ ಅವನಿಗೆ ಅರ್ಥವಾಯಿತು. ಕಲ್ಲು ಕೆಳಗಿಟ್ಟ. ಬೇಲಿಯಾಚೆ ಕಾಲುವೆಯ ಕಡೆ ನೋಡಿದ. "ಹಂಗಾದ್ರೆ ಅವಳದ್ದು... ಅಯ್ಯೋ." ಅವನ ಧ್ವನಿ ಮೊದಲ ಬಾರಿಗೆ ಬೇಲಿ ದಾಟಲಿಲ್ಲ. "ನಾನು ಬೇರೆ ದಿನಾ ಗೇಟಲ್ಲಿ ನಿಂತು ಕೂಗಿದೆನಲ್ಲಮ್ಮಾ."

ನರ್ಸಮ್ಮ ಹಾಳೆಯನ್ನು ಔಷಧಿ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು, ಓದಿರಲಿಲ್ಲ. ಬೀಗದವನು ಓದಿದ್ದ, ಆದರೆ "ಲ್ಯಾಬಿನೋರು ಏನೋ ಬರೀತಾರೆ" ಎಂದು ಬಿಟ್ಟಿದ್ದ. ಒಬ್ಬರು ಬೈದರು. ಒಬ್ಬರು ನಕ್ಕರು. ಇನ್ನೊಬ್ಬರು, "ಪರವಾಗಿಲ್ಲ ಬಿಡಮ್ಮಾ, ವಯಸ್ಸು," ಎಂದರು. ಬೈಗುಳಕ್ಕಿಂತ ಅದು ಕೆಟ್ಟದಾಗಿತ್ತು. ಆರು ಗೇಟು ಮುಗಿಸುವಷ್ಟರಲ್ಲಿ ಒಂದು ವಿಷಯ ಸ್ಪಷ್ಟವಾಗಿತ್ತು. ಹಾಳೆಯಲ್ಲಿ ಬರೆದಂತೆ ಯಾರೂ ಒಂದು ಗುದ್ದಲಿಯನ್ನೂ ಎತ್ತಿರಲಿಲ್ಲ. ನನ್ನನ್ನು ನಂಬಿದ್ದು ಒಬ್ಬಳೇ.

ಮಧ್ಯಾಹ್ನ ಜರಡಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟು, "ಎರಡು ಸಲ ಅಳೆದೆ ನಾನು," ಎಂದರು. ಕಡತದಿಂದ ಹಾಳೆ ಹೊರಗೆಳೆಯುತ್ತ ಮತ್ತೆ, "ಊಟ ಬಿಟ್ಟು ಅಳೆದೆ," ಎಂದರು. ಏಳೂ ಹಾಳೆಗಳನ್ನು ರದ್ದು ಮಾಡಿ ನೀರಿನ ಕಚೇರಿಗೆ ಪತ್ರ ಬರೆದರು. ನನ್ನನ್ನು ಹೊರಗಿನ ಕೆಲಸದಿಂದ ತೆಗೆದು ಬಾಟಲಿ ತೊಳೆಯುವ ಕೋಣೆಗೆ ಹಾಕಿದರು. ಅದು ನ್ಯಾಯವೇ.

ಶನಿವಾರ ಏಳು ತುಂಡುಗಳ ಮಣ್ಣನ್ನು ಮತ್ತೆ ತೆಗೆಯಲು ಅವರೇ ಹೊರಟರು. ಬಕೆಟ್ಟು ಹೊರಲು ಜೊತೆಗೆ ಬಾ ಎಂದರು. ಆರು ಕಡೆ ಅವರ ಹಿಂದೆ ನಡೆದೆ. ಅವರು ತೋಡಿದಲ್ಲಿ ಬಕೆಟ್ಟು ಹಿಡಿದೆ. ಹದಿನಾಲ್ಕರ ಗೇಟಿಗೆ ಬಂದಾಗ ದೊಡ್ಡಮ್ಮ ಒಳಗಿನಿಂದ ಚಿಲಕ ತೆಗೆದಳು. ಜರಡಿ ಒಳಗೆ ಹೋದರು. ನಾನು ಹೆಜ್ಜೆ ಎತ್ತಿದೆ. ಅವಳು ಗೇಟನ್ನು ಅರ್ಧಕ್ಕೆ ಹಿಡಿದುಕೊಂಡಳು.

"ನೀನು ಅಲ್ಲೇ ಇರು. ಬಕೆಟ್ ಕೊಡು."

"ದೊಡ್ಡಮ್ಮಾ..."

"ಮನೆಗೆ ಬಾ, ಊಟ ಮಾಡು, ಯಾವಾಗ ಬೇಕಾದ್ರೂ ಬಾ. ಅದಕ್ಕೆ ಬೇಡ ಅನ್ನಲ್ಲ. ಇದರೊಳಗೆ ಬೇಡ."

ಬಕೆಟ್ಟು ಕೊಟ್ಟೆ. ದಾರಿಯ ಮೇಲೆ ನಿಂತೆ. ಒಳಗೆ ಎಲೆಯನ್ನು ಮತ್ತೆ ಹರಡಿದ್ದಳು, ಗುಡ್ಡೆ ಮುಕ್ಕಾಲು ಖಾಲಿಯಾಗಿತ್ತು. ಕೊರಕಲುಗಳಿಗೆ ಅಡ್ಡಲಾಗಿ ಮುರಿದ ಕೊಂಬೆ, ಕಲ್ಲು ಇಟ್ಟಿದ್ದಳು. ಕಿತ್ತುಹಾಕಿದ್ದ ಹುಲ್ಲಿನ ಬುಡಗಳಲ್ಲಿ ಬದುಕಿದವನ್ನು ಆರಿಸಿ ಒಂದು ಸಾಲು ನೆಟ್ಟಿದ್ದಳು. ಒಂದೇ ಸಾಲಿಗೆ ಆಗುವಷ್ಟು ಬದುಕಿದ್ದವು. ಹಾರ್ನ್ ಅದರ ಕೊನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಮಾತಿಲ್ಲದೆ, ಬುಡಗಳಿಗೆ ಮಣ್ಣು ಒತ್ತುತ್ತಿದ್ದ.

ಜರಡಿ ಅಂಕುಡೊಂಕಾಗಿ ನಡೆದರು. ಹತ್ತು ಕಡೆ ನಿಂತರು. ಪ್ರತಿ ಸಲ ಬಗ್ಗುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ. ಹತ್ತನೆಯ ಕಡೆ ಮಣ್ಣನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ನೋಡಿ, ದೊಡ್ಡಮ್ಮನಿಗೆ ಏನೋ ಹೇಳಿದರು. ಅವಳು ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ.

ವಾಪಸು ವ್ಯಾನಿನಲ್ಲಿ ಕೂತಾಗ ಧೈರ್ಯ ಮಾಡಿ ಕೇಳಿದೆ, "ಸರ್, ಏನಂದ್ರು?"

"ಮೊದಲು ಎಷ್ಟಿತ್ತು ಅಂತ ಕೇಳಿದ್ರು. ಮಳೆಗೆ ಮುಂಚೆ. ಎಷ್ಟು ಹೋಯ್ತು ಅಂತ ತಿಳ್ಕೊಳ್ಳೋಕೆ."

"ನೀವೇನಂದ್ರಿ?"

ಜರಡಿ ಚೀಲದ ಬಾಯಿ ಕಟ್ಟುತ್ತಿದ್ದರು. "ಏನನ್ಲಿ? ಇವತ್ತು ಉಳಿದಿರೋದನ್ನ ಅಳೀತೀನಿ. ಹೋಗಿರೋದನ್ನ ಎಲ್ಲಿಂದ ಅಳೀಲಿ? ಅದನ್ನ ತೆಗೀಬೇಕಾದ ದಿನ ನೀನು ನಿದ್ದೆ ಹೊಡೀತಿದ್ದೆ."

ಫಲಿತಾಂಶ ಬಂದಾಗ ಅದು ಕೆಟ್ಟದೇನೂ ಆಗಿರಲಿಲ್ಲ. ಇಳಿಜಾರಿನ ಉಳಿದ ಮೂವತ್ತಕ್ಕಿಂತ ಒಂದು ಕೂದಲಷ್ಟು ಮೇಲೆಯೇ. ಹಾಳೆಯನ್ನು ಜರಡಿಯೇ ಅಂಗಡಿಗೆ ಹೋಗಿ ಕೊಟ್ಟುಬಂದರು. ಆರು ವರ್ಷ ಒಬ್ಬ ಹೆಂಗಸು ಎಲೆ ಹೊತ್ತು, ಮಣ್ಣು ಹೊತ್ತು ಕಟ್ಟಿದ ಆ ನೆಲ ಎಷ್ಟು ಚೆನ್ನಾಗಿತ್ತು ಎನ್ನುವ ಅಂಕಿ ಮಾತ್ರ ಯಾವ ಕಡತದಲ್ಲೂ ಇಲ್ಲ. ಹುಡುಕಿದರೆ ಸಿಗುವುದು ರದ್ದಾದ ಒಂದು ಹಾಳೆ. ಅದರ ಕೆಳಗೆ, ಮಾದರಿ ತೆಗೆದವರು ಎಂಬಲ್ಲಿ, ನನ್ನ ಸಹಿ ಇದೆ.